ಓರೆ ಬಿದ್ದ ಅಚ್ಚು

ನಮ್ಮೂರು ಹೊಳಲಿನಲ್ಲಿ ಹತ್ತು ರೂಪಾಯಿಯ ನಾಣ್ಯ ನಡೆಯದೆ ಹೋದ ಕಾಲವೊಂದಿತ್ತು. ಬಹಳ ಹಿಂದಿನ ಮಾತೇನಲ್ಲ. ನೋಟುಗಳು ರದ್ದಾದ ಮರುವರ್ಷ, ನಾನು ಆರನೇ ಕ್ಲಾಸಿನಲ್ಲಿದ್ದೆ. ಈ ಕಡೆಯ ನನ್ನ ವಾರಿಗೆಯವರಿಗೆಲ್ಲ ಅದು ನೆನಪಿರಬೇಕು. ಬಸ್ಸಿನ ಕಂಡಕ್ಟರು ಆ ನಾಣ್ಯ ಕಂಡರೆ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದ. ಮಿರ್ಚಿ ಕರಿಯುವವನು ಬಾಣಲೆಯಿಂದ ತಲೆ ಎತ್ತದೆ "ನೋಟಿದ್ರ ಕೊಡವ್ವಾ, ಇಲ್ಲಂದ್ರ ನಾಳಿ ಬಾ" ಎನ್ನುತ್ತಿದ್ದ. ಯಾರದೋ ಮೊಬೈಲಿಗೆ ಬಂದ ಸುದ್ದಿ ಇಷ್ಟಕ್ಕೆಲ್ಲ ಮೂಲ. ನಾಣ್ಯದ ಮೇಲೆ ಹದಿನೈದು ಗೆರೆ ಇದ್ದದ್ದು ಖೊಟ್ಟಿ, ಹತ್ತು ಗೆರೆಯದು ಖರೆ ಎಂದು ನಮ್ಮೂರಿನಲ್ಲಿ ಹೇಳುತ್ತಿದ್ದರು. ಹಡಗಲಿಯಲ್ಲಿ ಇದನ್ನೇ ತಿರುಗಾಮುರುಗಾ ಹೇಳುತ್ತಿದ್ದರಂತೆ. ಹರಪನಹಳ್ಳಿಯವರು ಲೆಕ್ಕ ಹಾಕುವ ಗೋಜಿಗೇ ಹೋಗದೆ ಎರಡನ್ನೂ ಬಿಟ್ಟಿದ್ದರು. ಎರಡೂ ನಡೆಯುತ್ತವೆ ಎಂದು ಸರ್ಕಾರದವರು ಸಾರಿ ಸಾರಿ ಹೇಳಿದರು. ಊರು ಸರ್ಕಾರದ ಮಾತನ್ನು ಯಾವಾಗ ಕೇಳಿದೆ?

ಆ ಇಡೀ ಹೊಳಲಿನಲ್ಲಿ ಹತ್ತರ ನಾಣ್ಯವನ್ನು ಎರಡು ಮಾತಾಡದೆ ತೆಗೆದುಕೊಳ್ಳುತ್ತಿದ್ದವನು ಒಬ್ಬನೇ. ಅವನು ನನ್ನ ಅಪ್ಪ, ಪತ್ತಾರ ಮಾನಪ್ಪ. ನಮ್ಮ ಕಡೆ ಚಿನ್ನ ಬೆಳ್ಳಿ ಕೆಲಸ ಮಾಡುವವರಿಗೆ ಪತ್ತಾರ ಎನ್ನುತ್ತಾರೆ. "ಸರ್ಕಾರದ ಅಚ್ಚು ಬಿದ್ದೈತಿ, ಮತ್ತ್ಯಾಕ ತಗೊಳ್ಳಬಾರ್ದು?" ಎಂದು ಅಪ್ಪ ಕೇಳುತ್ತಿದ್ದ. ಲೋಹದ ವಿಷಯದಲ್ಲಿ ಮಂದಿಯ ಮಾತು ಕೇಳಿ ಅವನಿಗೆ ರೂಢಿಯೇ ಇರಲಿಲ್ಲ. ಬೆರಳಲ್ಲಿ ಹಿಡಿದು, ಉಗುರಿನಿಂದ ಒಮ್ಮೆ ತಟ್ಟಿ, ಕಿವಿಯ ಹತ್ತಿರ ತಂದು ಡಬ್ಬಿಗೆ ಹಾಕುತ್ತಿದ್ದ. ಅಷ್ಟರಿಂದಲೇ ನಮ್ಮ ಮನೆ ಹಾಳಾಗುತ್ತದೆ ಎಂದು ಆಗ ಯಾರಾದರೂ ಹೇಳಿದ್ದರೆ ನಾನೇ ನಕ್ಕುಬಿಡುತ್ತಿದ್ದೆ.

ನಮ್ಮ ಮನೆಯ ಮುಂದಿನ ಕೋಣೆಯೇ ಅಪ್ಪನ ಅಂಗಡಿ. ಅಲ್ಲಿ ಇದ್ದಿಲಿನ ಹೊಗೆ, ಬೆಸುಗೆಗೆ ಹಾಕುವ ಬಿಳಿಗಾರ, ಬೆಳ್ಳಿ ತೊಳೆಯುವ ಹುಣಸೆಹುಳಿಯ ನೀರು, ಈ ಮೂರೂ ಕೂಡಿದ ಒಂದು ಹುಳಿವಾಸನೆ ಸದಾ ಇರುತ್ತಿತ್ತು. ಅದು ನನ್ನ ಯೂನಿಫಾರಂಗೂ ಹತ್ತುತ್ತಿತ್ತು. ಕ್ಲಾಸಿನಲ್ಲಿ ಹುಡುಗಿಯರು ಹಡಗಲಿ ಮಲ್ಲಿಗೆ ಮುಡಿದು ಘಮಘಮ ಎಂದು ಬಂದರೆ ನನ್ನ ಹತ್ತಿರ ಹುಣಸೆಹುಳಿ. ಅವ್ವ ಇದಕ್ಕೆ ಗೊಣಗುತ್ತಿದ್ದಳು. ನನಗೆ ಮಾತ್ರ ಆ ವಾಸನೆಯೇ ಮನೆ.

ಕೋಣೆಯ ಮೂಲೆಯಲ್ಲಿ ಒಂದು ಕಬ್ಬಿಣದ ಪ್ರೆಸ್ಸಿತ್ತು, ಮೇಲೆ ಅಡ್ಡ ಹಿಡಿಕೆಯದು. ಹಿಡಿಕೆಯನ್ನು ಬೀಸಿ ತಿರುಗಿಸಿದರೆ ಮೇಲಿನ ಅಚ್ಚು ಗಕ್ಕನೆ ಇಳಿದು ಕೆಳಗಿನ ಅಚ್ಚಿಗೆ ಕೂರುತ್ತಿತ್ತು. ನಡುವೆ ಇಟ್ಟ ಬೆಳ್ಳಿ ತಗಡಿನ ಮೇಲೆ ಒಂದು ಕಣ್ಣು ಮೂಡುತ್ತಿತ್ತು. ಹರಕೆಯ ಕಣ್ಣು. ಕಣ್ಣುಬೇನೆ ವಾಸಿಯಾದವರು ದೇವರಿಗೆ ಒಪ್ಪಿಸಲು ಜೋಡಿ ಜೋಡಿಯಾಗಿ ಒಯ್ಯುತ್ತಿದ್ದರು. ಕಣ್ಣಲ್ಲದೆ ಕೈ, ಕಾಲು, ತೊಟ್ಟಿಲಿನ ಅಚ್ಚುಗಳೂ ಇದ್ದವು. ನಂದಿಯ ಮುಖ ಇರುವ ಒಂದು ದುಂಡನೆಯ ಅಚ್ಚೂ ಇತ್ತು. ಎಲ್ಲ ಅಜ್ಜ ಕೈಯಾರೆ ಕೆತ್ತಿದವು. ಎಡಗಣ್ಣು ಬಲಗಣ್ಣು ಬೇರೆ ಬೇರೆ ಮಾಡಿ ಜೋಡಿಸುವುದು ನನ್ನ ಕೆಲಸ. ಒತ್ತುವಾಗ ತಗಡು ಸರಿದು ಮೆಳ್ಳಗಣ್ಣಾದವನ್ನು ಅಪ್ಪ ಕರಗಿಸಲು ಪಕ್ಕಕ್ಕೆ ಇಡುತ್ತಿದ್ದ. ಕೂದಲೆಳೆಯಷ್ಟು ತಪ್ಪಿದ್ದರೂ ಗಿರಾಕಿಗೆ ಕೊಡುತ್ತಿರಲಿಲ್ಲ. "ದೇವ್ರು ಮೊದ್ಲ ಮಂದೀನ ನೋಡಿ ನೋಡಿ ಸಾಕಾಗ್ಯಾನ. ಅದರಾಗ ಮೆಳ್ಳಗಣ್ಣು ಬ್ಯಾರೆ ಕೊಡಬೇಕೇನು?" ಎಂದು ನಗುತ್ತಿದ್ದ.

ಪತ್ತಾರನ ಹತ್ತಿರ ಜನ ಚಿನ್ನ ಬಿಟ್ಟು ಹೋಗುತ್ತಾರಲ್ಲ, ಅದಕ್ಕೆ ಚೀಟಿ ಇಲ್ಲ, ಸಹಿ ಇಲ್ಲ. ಮಗಳ ತಾಳಿಗುಂಡು, ಮುದುಕಿಯ ಮೂಗುಬೊಟ್ಟು ಎಲ್ಲ ಒಂದು ಚೂರು ಬಟ್ಟೆಯಲ್ಲಿ ಗಂಟು ಕಟ್ಟಿ ಕೈಗಿಟ್ಟು ಎದ್ದು ಹೋಗುತ್ತಿದ್ದರು. ಹೋಗುವಾಗ ಕಟ್ಟೆಯ ಮೇಲೆ ಕೂತವರು ಯಾರಾದರೂ ಹಳೆಯ ಗಾದೆ ಎಸೆಯುತ್ತಿದ್ದರು, ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಅಂತ. ಅಪ್ಪ ಊದುಗೊಳವೆ ಬಾಯಿಂದ ತೆಗೆದು "ಅಕ್ಕನೇ ಇಲ್ಲಪ್ಪ ನನಗ, ಏನ್ ಮಾಡ್ಲಿ" ಎನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು. ನಂಬಿಕೆ ಇದ್ದಾಗ ಮಾತ್ರ ಹಾಗೆ ನಗಲು ಬರುತ್ತದೆ ಎಂದು ನನಗೆ ಆಮೇಲೆ ತಿಳಿಯಿತು.

ಸಂಕ್ರಾಂತಿ ಕಳೆದು ಬಿಸಿಲು ಏರುತ್ತಿದ್ದ ದಿನಗಳು. ಒಂದು ದಿನ ನಾನು ಶಾಲೆಯಿಂದ ಬರುವ ಹೊತ್ತಿಗೆ ಹಾಲವ್ವ ಬಂದಳು. ಕುರಿ ಸಾಕುವ ಮನೆತನದ ಮುದುಕಿ, ಅಪ್ಪನಿಗೆ ಹಳೆಯ ಗಿರಾಕಿ. ತನ್ನ ಬೋರಮಾಳ ಸರದ ಪೊಳ್ಳು ಚಿನ್ನದ ಗುಂಡುಗಳಿಗೆ ಅರಗು ತುಂಬಿ ಪೋಣಿಸಲು ವಾರದ ಹಿಂದೆಯೇ ಕೊಟ್ಟಿದ್ದಳು. ಈಗ ಮೊಮ್ಮಗನ ಕಣ್ಣು ವಾಸಿಯಾಗಿದೆ ಎಂದು ಒಂದು ಜೋಡಿ ಬೆಳ್ಳಿ ಕಣ್ಣು ಕೇಳಿದಳು. ಸೊಂಟದ ಚೀಲ ಬಿಚ್ಚಿ ಸುರಿದರೆ ಬರೀ ಹತ್ತರ ನಾಣ್ಯಗಳು.

"ಯಾರೂ ಮುಟ್ಟವಲ್ರು, ಮಾನಪ್ಪ," ಎಂದಳು. "ಕುರಿ ತಗೊಂಡಾವ ಇವನ್ನ ಕೊಟ್ಟು ಹೋಗ್ಯಾನ. ನೀನಾರ ತಗೊಂತಿಯೇನಪ್ಪ?"

"ತಾಯೇ, ನೀ ಇಡು ಇಲ್ಲಿ," ಎಂದ ಅಪ್ಪ.

ಅವಳು ಹೋದ ಮೇಲೆ ನಾಣ್ಯಗಳನ್ನು ಡಬ್ಬಿಗೆ ಹಾಕುತ್ತಿದ್ದವನು ಒಂದನ್ನು ಕೈಯಲ್ಲೇ ಹಿಡಿದು ಕೂತ. ಆಮೇಲೆ ಬಾಗಿಲ ಬೆಳಕಿಗೆ ಹಿಡಿದು ನನ್ನನ್ನು ಕರೆದ.

ಅಂಥ ನಾಣ್ಯವನ್ನು ನಾನು ಮೊದಲು ಕಂಡಿರಲಿಲ್ಲ. ಮೂರು ಸಿಂಹಗಳು ನಡುವೆ ಇರಬೇಕಾದಲ್ಲಿ ಇರದೆ ಒಂದು ಪಕ್ಕಕ್ಕೆ ಜಾರಿದ್ದವು. ಹೊರಗಿನ ಹಳದಿ ಬಳೆಯ ಅರ್ಧ ಅಕ್ಷರಗಳು ಅಂಚಿನಾಚೆ ಬಿದ್ದು ಹೋಗಿದ್ದವು. ಇನ್ನೊಂದು ಬದಿಯಲ್ಲಿ ಬಾಲಚಂದ್ರನಷ್ಟು ಜಾಗ ಬೋಳು, ನುಣ್ಣಗೆ, ಏನೂ ಇಲ್ಲ. ಅಂಚೂ ಒಂದು ಕಡೆ ಸ್ವಲ್ಪ ಅಗಲವಾಗಿತ್ತು.

"ಇದು ಖೊಟ್ಟಿಯಾ ಅಪ್ಪ?" ಎಂದು ಕೇಳಿದೆ.

"ಖೊಟ್ಟಿ ಮಾಡಾವ ಇಷ್ಟು ತಪ್ಪು ಮಾಡಂಗಿಲ್ಲವ್ವ. ಅವಗ ಸಿಕ್ಕಿಬೀಳೋ ಅಂಜಿಕಿ ಇರ್ತೈತಿ. ಇದು ಟಂಕಸಾಲಿಯಾಗ ಆದ ತಪ್ಪು."

ಟಂಕಸಾಲೆ ಎಂಬ ಮಾತನ್ನು ನಾನು ಮೊದಲು ಕೇಳಿದ್ದು ಅಂದೇ. ಅಪ್ಪ ಅದನ್ನು ಎಂದೂ ಕಂಡವನಲ್ಲ. ಆದರೆ ಅಚ್ಚು, ಬಿಲ್ಲೆ, ಒತ್ತುವ ಭಾರ ಇವು ಅವನಿಗೆ ಮೂರು ತಲೆಮಾರಿನಿಂದ ಗೊತ್ತಿದ್ದವು. ಅಷ್ಟರಿಂದಲೇ ನಾಣ್ಯ ಒತ್ತುವ ಆ ದೂರದ ಕಾರ್ಖಾನೆಯಲ್ಲಿ ಏನಾಗಿರಬೇಕೆಂದು ಕಣ್ಣಾರೆ ಕಂಡವನಂತೆ ಹೇಳಿದ.

"ಮೊದ್ಲ ತಗಡಿನಾಗ ದುಂಡಗ ಬಿಲ್ಲಿ ಕತ್ತರಿಸ್ತಾರ. ತಗಡಿನ ತುದಿಗೆ ಬಂದಾಗ ನೋಡದ ಕತ್ತರಿಸಿದ್ರ ಕಚ್ಚಿ ತಿಂದಂಗ ಅರ್ಧ ಬಿಲ್ಲಿ ಬರ್ತೈತಿ. ಈ ಹತ್ತರದ್ದು ಹೊರಗಿನ ಬಳಿ ಬ್ಯಾರೆ, ಒಳಗಿನ ಬಿಲ್ಲಿ ಬ್ಯಾರೆ. ಎರಡೂ ಕೂಡಿಸಿ ಅಚ್ಚಿನ ಕೆಳಗ ಕುಂದ್ರಿಸಬೇಕು. ಸುತ್ತ ಒಂದು ಗಟ್ಟಿ ಬಳಿ ಇರ್ತೈತಿ, ಬಿಲ್ಲಿ ಅತ್ತಾಗಿತ್ತಾಗ ಹೋಗಬಾರದಂತ. ಬಿಲ್ಲಿ ಅದರಾಗ ಇಳಿಯೋಕಿಂತ ಮೊದ್ಲ ಮ್ಯಾಲಿನ ಅಚ್ಚು ಬಿತ್ತಂದ್ರ ಹಿಂಗ ಆಕ್ಕೈತಿ."

"ಮತ್ತ ಯಾರೂ ನೋಡಂಗಿಲ್ಲಾ?"

"ಒಂದು ಕ್ಷಣಕ್ಕ ಎಷ್ಟೋ ಬೀಳ್ತಾವ. ಎಷ್ಟು ಅಂತ ನೋಡ್ತಾರ? ಒಮ್ಮೊಮ್ಮಿ ಒತ್ತಿದ್ದು ಕೆಳಗ ಬೀಳದ ಅಚ್ಚಿಗೇ ಅಂಟಿಕೊಂಡು ಬಿಡ್ತೈತಿ. ಆಗ ಮುಂದಿನ ಬಿಲ್ಲಿಗೆ ಅಚ್ಚು ತಾಕಂಗೇ ಇಲ್ಲ, ಅಂಟಿಕೊಂಡ ನಾಣ್ಯದ ಮುಖಾನ ಉಲ್ಟಾ ಒಳಗ ತಗ್ಗಾಗಿ ಬೀಳ್ತೈತಿ. ಅಚ್ಚೇ ಸೀಳಿದ್ರಂತೂ ಮುಗೀತು. ಅದರಿಂದ ಬಂದದ್ದಕ್ಕೆಲ್ಲ ಅದೇ ಸೀಳಿನ ಗೆರಿ."

ನನಗೆ ಅರ್ಥವಾಗಿಲ್ಲ ಎಂದು ಮುಖ ನೋಡಿಯೇ ತಿಳಿದಿರಬೇಕು. ಎದ್ದು ನಂದಿಯ ಅಚ್ಚನ್ನು ಪ್ರೆಸ್ಸಿಗೆ ಹಾಕಿದ. ಒಂದು ಹಿತ್ತಾಳೆ ತುಂಡನ್ನು ದುಂಡಗೆ ಕತ್ತರಿಸಿ, ಬೇಕೆಂದೇ ಪಕ್ಕಕ್ಕೆ ಸರಿಸಿ ಇಟ್ಟು, ಹಿಡಿಕೆ ಬೀಸಿದ. ಬಿಲ್ಲೆ ಎತ್ತಿದರೆ ನಂದಿಗೆ ಒಂದೇ ಕೊಂಬು, ಅರ್ಧ ಮುಖ. ಉಳಿದದ್ದು ಬೋಳು. ನಾಣ್ಯವನ್ನೂ ಬಿಲ್ಲೆಯನ್ನೂ ನನ್ನ ಅಂಗೈಯಲ್ಲಿ ಪಕ್ಕಪಕ್ಕ ಇಟ್ಟ. ಒಂದೇ ತಪ್ಪು, ಎರಡು ಕಡೆ.

"ನೀ ಇಟ್ಕೋ ಇದನ್ನ," ಎಂದು ಹಿತ್ತಾಳೆ ಬಿಲ್ಲೆ ನನಗೇ ಕೊಟ್ಟ. "ಕುಂಟಾಬಿಲ್ಲಿ ಆಡಾಕ ಬೇಸಿರ್ತೈತಿ."

ಅದು ಬೇಸಿತ್ತು ನಿಜ. ಹೆಂಚಿನ ಚೂರಿನಂತೆ ಪುಟಿದು ಗೆರೆ ದಾಟುತ್ತಿರಲಿಲ್ಲ, ಎಸೆದಲ್ಲಿ ಕೂರುತ್ತಿತ್ತು. ಮರುದಿನ ಶಾಲೆಗೆ ಒಯ್ದೆ. ಓರೆ ನಾಣ್ಯವನ್ನೂ ಡಬ್ಬಿಯಿಂದ ತೆಗೆದುಕೊಂಡು ಒಯ್ದೆ. ಅದನ್ನು ಅಪ್ಪನಿಗೆ ಕೇಳಿರಲಿಲ್ಲ.

ನನ್ನ ಜೊತೆ ಕುಂಟಾಬಿಲ್ಲೆ ಆಡುತ್ತಿದ್ದವಳು ರೇಣುಕಾ. ಅವಳ ಅಪ್ಪ ಕೊಟ್ರಪ್ಪನದು ಬಜಾರದಲ್ಲಿ ಕಿರಾಣಿ ಅಂಗಡಿ. ಅದಕ್ಕೆ ಎರಡು ದಿನ ಮೊದಲು ನನ್ನ ಅವ್ವ ಶೇಂಗಾ ತರಲು ಆ ಅಂಗಡಿಗೆ ಹೋಗಿದ್ದಾಗ ಕೊಟ್ರಪ್ಪ ಹತ್ತರ ನಾಣ್ಯಗಳನ್ನು ತಕ್ಕಡಿಯ ಪಕ್ಕದಲ್ಲೇ ಹಿಂದಕ್ಕೆ ತಳ್ಳಿದ್ದ. ರೇಣುಕಾ ಅದನ್ನು ನೋಡಿದ್ದಳು. ಅಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ, ಶಾಲೆಯ ಹಿಂದಿನ ಬೇವಿನ ನೆರಳಲ್ಲಿ ನಾವಿಬ್ಬರೇ ಆಡುತ್ತಿದ್ದೆವು. ನಾನು ಎರಡು ಮನೆ ಗೆದ್ದೆ. ಅವಳಿಗೆ ಸಹಿಸಲಾಗಲಿಲ್ಲ.

"ನಿಮ್ಮ ಮನ್ಯಾಗ ಬರೇ ಖೊಟ್ಟಿ ರೊಕ್ಕ ಅದಾವಂತಲ್ಲ," ಎಂದಳು. "ನಮ್ಮಪ್ಪ ಅಂತಿದ್ದ."

ನನ್ನ ಮೈಯೆಲ್ಲ ಉರಿಯಿತು. ಲಂಗದ ಜೇಬಿನಿಂದ ಆ ಓರೆ ನಾಣ್ಯ ತೆಗೆದು ಅವಳ ಮುಖಕ್ಕೆ ಹಿಡಿದೆ. ಅಪ್ಪ ಹೇಳಿದ್ದನ್ನೆಲ್ಲ ಹೇಳಬೇಕೆಂದಿದ್ದೆ. ಬಿಲ್ಲೆ, ಬಳೆ, ಅಚ್ಚು, ಟಂಕಸಾಲೆ ಎಲ್ಲ ನಾಲಿಗೆಯ ತುದಿಯಲ್ಲಿದ್ದವು. ಆದರೆ ಹನ್ನೊಂದು ವರ್ಷದ ಹುಡುಗಿಗೆ ಸಿಟ್ಟು ಬಂದಾಗ ವಿವರಣೆ ಬರುವುದಿಲ್ಲ, ಜಂಬ ಬರುತ್ತದೆ.

"ನಮ್ಮಪ್ಪಗ ಇಂಥಾವು ಮಾಡಾಕ ಬರ್ತೈತಿ," ಎಂದೆ. "ನಿನ್ನಿ ನನ್ನ ಮುಂದ ಒತ್ಯಾನ. ನೋಡಿಲ್ಲಿ." ಹಿತ್ತಾಳೆ ಬಿಲ್ಲೆ ತೋರಿಸಿದೆ. "ನಿಮ್ಮಪ್ಪಗ ಬರ್ತೈತೇನು?"

ರೇಣುಕಾ ಎರಡನ್ನೂ ಬಹಳ ಹೊತ್ತು ನೋಡಿದಳು. ಆಮೇಲಿನ ಆಟ ಅವಳು ಗೆದ್ದಳು. ಸೋತವರ ಬಿಲ್ಲೆ ಗೆದ್ದವರಿಗೆ, ಅದು ನಮ್ಮ ಕಟ್ಟು. ನಂದಿಯ ಬಿಲ್ಲೆ ಅವಳ ಕೈಗೆ ಹೋಯಿತು. ನಾನು ನಾಣ್ಯವನ್ನು ಜೇಬಿಗೆ ಹಾಕಿಕೊಂಡು ಮನೆಗೆ ಬಂದು ಡಬ್ಬಿಯಲ್ಲಿಟ್ಟೆ. ರಾತ್ರಿ ರೊಟ್ಟಿ ಶೇಂಗಾ ಚಟ್ನಿ ತಿಂದು ನಿಶ್ಚಿಂತೆಯಿಂದ ಮಲಗಿದೆ.

ಮರುದಿನ ಶನಿವಾರ, ಬೆಳಗಿನ ಶಾಲೆ ಮುಗಿಸಿ ಬಂದಾಗ ಹಾಲವ್ವ ನಮ್ಮ ಕಟ್ಟೆಯ ಮೇಲೆ ಕೂತಿದ್ದಳು. ಒಳಗೆ ಬಾ ಎಂದರೂ ಬರಲಿಲ್ಲ.

"ನನ್ನ ಬೋರಮಾಳ ಕೊಟ್ಟುಬಿಡಪ್ಪ," ಎಂದಳು.

"ಇನ್ನಾ ಅರಗು ತುಂಬಿಲ್ಲವ್ವ. ಮಂಗಳಾರ ಕೊಡ್ತೀನಿ."

"ಹಂಗಽ ಕೊಡು. ಇದ್ದಂಗಽ ಇರಲಿ."

ಅಪ್ಪ ಊದುಗೊಳವೆ ಕೆಳಗಿಟ್ಟ. "ಯಾಕವ್ವ, ಏನಾತು?"

ಮುದುಕಿ ಸೆರಗಿನ ತುದಿ ತಿರುವುತ್ತ ಕೂತಳು. "ನಿನ್ನ ಮ್ಯಾಲೆ ನನಗ ಸಂಶೆ ಇಲ್ಲಪ್ಪ. ದೇವರಾಣಿ ಇಲ್ಲ. ಆದ್ರ ನೀ ಮನ್ಯಾಗ ರೊಕ್ಕ ಒತ್ತಾಕತ್ತೀ ಅಂತ ಬಜಾರ ತುಂಬ ಅಂತಾರ. ಊರಾಗ ಯಾರೂ ತಗೊಳ್ಳದ ನಾಣ್ಯ ನೀ ಒಬ್ಬನೇ ಯಾಕ ತಗೊಂತಿ ಅಂತ ಕೇಳ್ತಾರ. ಕೊಟ್ರಪ್ಪನ ಕೈಯಾಗ ನೀ ಒತ್ತಿದ್ದು ಐತಂತ. ನಾಳಿ ಪೊಲೀಸ್ರು ಬಂದು ಎಲ್ಲಾ ಒಯ್ದ್ರ ನನ್ನ ಬಂಗಾರ ಎಲ್ಲಿ ಹುಡುಕಲಿ?"

ನಾನು ಬಾಗಿಲ ಹಿಂದೆ ನಿಂತಿದ್ದೆ. ಅಪ್ಪ ಒಂದು ಕ್ಷಣ ನನ್ನ ಕಡೆ ನೋಡಿದ. ಸಿಟ್ಟಿನ ನೋಟವಲ್ಲ. ತೂಕ ತಪ್ಪಿತೇ ಎಂದು ತಕ್ಕಡಿಯ ಮುಳ್ಳನ್ನು ನೋಡುವಂತೆ ನೋಡಿ, ಮುಖ ತಿರುಗಿಸಿ, ಬಿಡಿಬಿಡಿಯಾದ ಗುಂಡುಗಳನ್ನು ಅವಳೆದುರೇ ತೂಗಿ ಬಟ್ಟೆಯಲ್ಲಿ ಕಟ್ಟಿ ಕೊಟ್ಟ.

ಸಂಜೆಯೊಳಗೆ ಏಳೆಂಟು ಮನೆಯವರು ಬಂದರು. ಯಾರೂ ಜಗಳ ಮಾಡಲಿಲ್ಲ. ಮದುವೆ ಹತ್ತಿರ ಬಂತು, ಊರಿಗೆ ಹೋಗಬೇಕು, ಅತ್ತೆ ಕೇಳುತ್ತಾಳೆ, ಹೀಗೆ ಒಬ್ಬೊಬ್ಬರದು ಒಂದೊಂದು ನೆಪ. ಅಪ್ಪ ಎಲ್ಲರಿಗೂ ತೂಗಿ ಕೊಟ್ಟ. ಅಂದು ಗಾದೆ ಹೇಳಿ ನಗುವವರು ಯಾರೂ ಇರಲಿಲ್ಲ. ಕೊನೆಯವರು ಹೋದಾಗ ಅವನ ಪೆಟ್ಟಿಗೆಯಲ್ಲಿ ಉಳಿದದ್ದು ಅವ್ವನ ಎರಡು ಓಲೆ ಮಾತ್ರ.

ಸೋಮವಾರ ಹತ್ತು ಗಂಟೆಯ ಹೊತ್ತಿಗೆ ಠಾಣೆಯಿಂದ ಇಬ್ಬರು ಬಂದರು. ನನಗೆ ಜ್ವರ ಬಂದಿದೆ ಎಂದು ಸುಳ್ಳು ಹೇಳಿ ಶಾಲೆ ತಪ್ಪಿಸಿದ್ದೆ, ಹಾಗಾಗಿ ಎಲ್ಲವನ್ನೂ ಕಂಡೆ. ಅವರಲ್ಲಿ ಹಿರಿಯ ಎನಿಸಿದವನು ಪ್ರೆಸ್ಸಿನ ಹಿಡಿಕೆಯನ್ನು ಬೂಟಿನಿಂದ ಒತ್ತಿ ನೋಡಿದ.

"ರೊಕ್ಕ ಒತ್ತಿಯಂತಲ್ಲೋ ಮಾನಪ್ಪ?"

"ಇಲ್ರಿ ಸಾಹೇಬ್ರ. ದೇವ್ರ ಕಣ್ಣು ಒತ್ತೀನ್ರಿ."

ಅಪ್ಪ ಡಬ್ಬಿಯಿಂದ ಆ ನಾಣ್ಯ ತೆಗೆದುಕೊಟ್ಟು, ನನಗೆ ಹೇಳಿದ್ದನ್ನೇ ಅವರಿಗೂ ಹೇಳತೊಡಗಿದ. ಬಳೆಗೆ ಬಿಲ್ಲೆ ಇಳಿಯುವ ಮೊದಲೇ ಅಚ್ಚು ಬಿದ್ದಿರಬೇಕೆಂದು ಕೈಯಾಡಿಸಿ ತೋರಿಸಿದ. ಇನ್ನೊಬ್ಬ ಪೊಲೀಸಿನವನು ಹಿರಿಯವನ ಮುಖ ನೋಡಿ "ಎಷ್ಟು ಚಂದ ಗೊತ್ತೈತಿ ನೋಡ್ರಿ ಇವಗ" ಎಂದ. ಅಪ್ಪ ಅಲ್ಲಿಗೆ ಮಾತು ನಿಲ್ಲಿಸಿದ. ತನಗೆ ಗೊತ್ತಿರುವುದೇ ತನ್ನ ಮೇಲಿನ ಸಾಕ್ಷಿ ಎಂದು ಅವನಿಗೆ ಆಗ ಹೊಳೆದಿರಬೇಕು.

ಅವರು ಅಚ್ಚುಗಳನ್ನೆಲ್ಲ ಒಂದು ಗೋಣಿಚೀಲಕ್ಕೆ ತುಂಬಿದರು. "ಒಂದಕ್ಕೊಂದು ಬಡೀಬಾರದ್ರಿ, ಅರಿವಿ ಸುತ್ತಿ ಕೊಡ್ತೀನಿ ತಡೀರಿ" ಎಂದು ಅಪ್ಪ ಕೇಳಿಕೊಂಡ. ಅವನು ಅಂಗಲಾಚಿದ್ದನ್ನು ನಾನು ಕಂಡದ್ದು ಅದೊಂದೇ ಸಲ, ಅದೂ ತನಗಾಗಿ ಅಲ್ಲ. ಅವರು ಕಾಯಲಿಲ್ಲ. ಚೀಲವನ್ನು ಆಟೋದೊಳಗೆ ಎಸೆದ ಸದ್ದು ನನಗೆ ಈಗಲೂ ಕೇಳುತ್ತದೆ. ಪ್ರೆಸ್ಸನ್ನು ನಾಲ್ಕು ಜನ ಎತ್ತಿ ಹಾಕಿದರು. ಅಪ್ಪ ಅದರ ಪಕ್ಕದಲ್ಲಿ ಕೂತು ಹೋದ. ಓಣಿಯ ಎಲ್ಲ ಬಾಗಿಲುಗಳಲ್ಲೂ ಜನ ನಿಂತಿದ್ದರು.

ಮರುದಿನ ಬಿಟ್ಟು ಕಳಿಸಿದರು. ಯಾವುದೋ ಬ್ಯಾಂಕಿನ ಮ್ಯಾನೇಜರನ್ನು ಕೇಳಿದರಂತೆ. ಆತ ನಾಣ್ಯ ತಿರುಗಿಸಿ ನೋಡಿ ಇದು ಅಸಲಿ, ಟಂಕಸಾಲೆಯದೇ ತಪ್ಪು ಎಂದನಂತೆ. ಕೊಟ್ರಪ್ಪ ಠಾಣೆಗೆ ಮುಟ್ಟಿಸಿದ್ದ ಹಿತ್ತಾಳೆ ಬಿಲ್ಲೆಯ ಮೇಲಿದ್ದದ್ದು ನಂದಿ, ಸಿಂಹವಲ್ಲ ಎಂಬುದನ್ನೂ ಅಷ್ಟು ಹೊತ್ತಿಗೆ ಯಾರೋ ಕಣ್ಣು ಬಿಟ್ಟು ನೋಡಿದ್ದರು. ಕೇಸೇ ಇಲ್ಲ ಎಂದರು. ನನ್ನ ತಪ್ಪಿಲ್ಲ ಅಂತ ಒಂದು ಕಾಗದ ಕೊಡಿ, ಬಜಾರದಲ್ಲಿ ತೋರಿಸಬೇಕು ಎಂದು ಅಪ್ಪ ಕೇಳಿದನಂತೆ. ಕೇಸೇ ಇಲ್ಲ ಅಂದ ಮೇಲೆ ಕಾಗದ ಎಲ್ಲಿಂದ ಕೊಡಲಿ, ನಡಿ ನಡಿ ಎಂದರಂತೆ. ಅವನ ಬಾಕಿ ಆಯುಷ್ಯವನ್ನೆಲ್ಲ ತಿಂದದ್ದು ಆ ಇಲ್ಲದ ಕಾಗದ.

ಅಪ್ಪ ಮನೆಗೆ ಬಂದು ಕೈಕಾಲು ತೊಳೆದುಕೊಳ್ಳುತ್ತಿದ್ದ. ಅವ್ವ ಬಚ್ಚಲ ಬಾಗಿಲಲ್ಲೇ ನಿಂತು ಕೇಳಿದಳು.

"ಆ ಹಿತ್ತಾಳಿ ಬಿಲ್ಲಿ ಕೊಟ್ರಪ್ಪನ ಕೈಯಾಗ ಹೆಂಗ ಹೋತ್ರಿ?"

ನಾನು ಒಲೆಯ ಮುಂದೆ ಕೂತಿದ್ದೆ. ನೀರು ಸುರಿಯುವ ಸದ್ದು ನಿಂತಿತು.

"ನಾನಽ ಒಯ್ದಿದ್ದೆ," ಎಂದ ಅಪ್ಪ. "ಅಂಗಡಿ ಕಟ್ಟಿಮ್ಯಾಲೆ ಕುಂತು ತೋರಿಸಿದ್ದೆ. ಅಲ್ಲೇ ಮರತು ಬಂದೆ."

ಅವ್ವ ಹಣೆ ಹಣೆ ಬಡಿದುಕೊಂಡಳು. "ಏನು ಹುಚ್ಚು ಹಿಡಿದಿತ್ರಿ ನಿಮಗ? ಊರೆಲ್ಲ ಖೊಟ್ಟಿ ಖೊಟ್ಟಿ ಅನ್ನಾಕತ್ತೈತಿ, ನೀವು ಬಿಲ್ಲಿ ಒತ್ತಿಕೊಂಡು ಬಜಾರಕ್ಕ ಹೋಗೀರಿ. ಬಾಯಿ ಸುಮ್ಮನಿರಂಗಿಲ್ಲೇನು?"

ಅವ್ವ ನೀರಿಗೆ ಹೋದಾಗ ಅಪ್ಪ ನನ್ನ ಹತ್ತಿರ ಬಂದು ಕೂತ. ಮುಖ ಎರಡು ದಿನದಲ್ಲಿ ಇಳಿದಿತ್ತು.

"ನಿಮ್ಮವ್ವಗ ಹೇಳಬ್ಯಾಡ," ಎಂದ. "ಆಕಿಗೆ ಸಿಟ್ಟು ಬಂದ್ರ ಕೈ ತಡಿಯಂಗಿಲ್ಲ. ನಿನ್ನ ಹೊಡಿತಾಳ."

ನನಗೆ ಹಾಯೆನಿಸಿತು. ಬರೆಯಲು ನಾಚಿಕೆಯಾಗುತ್ತದೆ, ಆದರೆ ಅದೇ ನಿಜ. ಅಳು ಬರಲಿಲ್ಲ, ಅಪ್ಪನ ಕಾಲು ಹಿಡಿಯಲಿಲ್ಲ. ಇವತ್ತು ಏಟು ತಪ್ಪಿತು ಎಂದಷ್ಟೇ ಅನಿಸಿತು. ಕೊಟ್ರಪ್ಪನ ಮನೆಯೊಂದಿಗೆ ನಮ್ಮ ಮಾತು ಅಂದೇ ನಿಂತಿತು, ಹಾಗಾಗಿ ಅವ್ವನಿಗೆ ನಿಜ ಹೇಳುವವರೂ ಇಲ್ಲವಾದರು. ರೇಣುಕಾ ಬೇರೆ ಬೆಂಚಿಗೆ ಹೋಗಿ ಕೂತಳು.

ಅಚ್ಚುಗಳೂ ಪ್ರೆಸ್ಸೂ ಮಳೆಗಾಲದ ಹೊತ್ತಿಗೆ ಹಿಂದಕ್ಕೆ ಬಂದವು. ತುಕ್ಕು ಹಿಡಿದಿದ್ದವು. ಅಪ್ಪ ವಾರವಿಡೀ ಎಣ್ಣೆ ಹಾಕಿ ತಿಕ್ಕಿದ. ಕಣ್ಣಿನ ಅಚ್ಚನ್ನು ಪ್ರೆಸ್ಸಿಗೆ ಹಾಕಿ ಒಂದು ಒತ್ತಿ ನೋಡಿದ. ಎತ್ತಿ ಬೆಳಕಿಗೆ ಹಿಡಿದ. ಕಣ್ಣಿನ ನಡುವೆ, ರೆಪ್ಪೆಯಿಂದ ರೆಪ್ಪೆಗೆ, ಎಳೆಯಂಥ ಒಂದು ಗೆರೆ. ಇನ್ನೊಂದು ಒತ್ತಿದ. ಅದರಲ್ಲೂ ಅದೇ ಗೆರೆ. ಅಪ್ಪ ಪ್ರೆಸ್ಸಿಗೆ ಗೋಣಿಚೀಲ ಹೊದಿಸಿ ಹೊರಗೆ ಹೋದ. ಒತ್ತಿಕೊಡಿ ಎಂದು ಕೇಳುವವರೂ ಅಷ್ಟು ಹೊತ್ತಿಗೆ ಯಾರೂ ಉಳಿದಿರಲಿಲ್ಲ. ಅವನು ಖೊಟ್ಟಿ ನಾಣ್ಯ ಮಾಡಿದ ಎಂದು ಯಾರೂ ಎದುರಿಗೆ ಹೇಳುತ್ತಿರಲಿಲ್ಲ. ಬೆಂಕಿ ಇಲ್ಲದೆ ಹೊಗೆ ಏಳುವುದಿಲ್ಲ ಎನ್ನುತ್ತಿದ್ದರು, ಅಷ್ಟೆ. ಆ ಗಾದೆ ಕಟ್ಟಿದವನಿಗೆ ಹಳ್ಳಿಯ ಬಜಾರ ಗೊತ್ತಿರಲಿಲ್ಲ.

ಮರುವರ್ಷ ನಾವು ಹರಪನಹಳ್ಳಿಗೆ ಬಂದೆವು. ಅಲ್ಲಿ ಒಂದು ಸ್ಟೀಲ್ ಪಾತ್ರೆ ಅಂಗಡಿಯ ಮುಂದೆ ಸ್ಟೂಲು ಹಾಕಿಕೊಂಡು ಅಪ್ಪ ಪಾತ್ರೆಗಳ ಮೇಲೆ ಹೆಸರು ಕೆತ್ತುವ ಕೆಲಸಕ್ಕೆ ಕೂತ. ಕೈಯಲ್ಲಿ ಕರೆಂಟಿನ ಕೊರೆಯುವ ಪೆನ್ನು, ದಿನವಿಡೀ ಗುರ್ ಎಂಬ ಸದ್ದು. ಮದುವೆಯ ಹಂಗಾಮಿನಲ್ಲಿ ನೂರಾರು ತಟ್ಟೆ ಲೋಟಗಳ ಮೇಲೆ ಯಾರ್ಯಾರದೋ ಹೆಸರು. ಅಕ್ಷರ ಎಷ್ಟು ಚೆಂದ ಎಂದು ಹೊಗಳುತ್ತಿದ್ದರು. ಚಿನ್ನ ಮುಟ್ಟುವ ಕೆಲಸ ಮಾತ್ರ ಯಾರೂ ಕೊಡಲಿಲ್ಲ, ಅವನೂ ಕೇಳಲಿಲ್ಲ. ಮೊದಲಿನಂತೆ ಮಾತಿಗೆ ಮಾತು ಕೊಟ್ಟು ನಗಿಸುವುದನ್ನು ಬಿಟ್ಟಿದ್ದ. ನಾನು ಏನಾದರೂ ಕೇಳಿದರೆ ಉತ್ತರ ಕೊಡುತ್ತಿದ್ದ, ತಾನಾಗಿ ಕರೆದು ಏನನ್ನೂ ತೋರಿಸುತ್ತಿರಲಿಲ್ಲ.

ಕೊರೊನಾದ ಎರಡನೇ ಅಲೆಯಲ್ಲಿ ಅಪ್ಪ ಆರು ದಿನದ ಜ್ವರಕ್ಕೆ ತೀರಿಹೋದ. ಹೊಳಲಿನಿಂದ ಯಾರೂ ಬರಲಿಲ್ಲ. ರೋಗಕ್ಕೆ ಹೆದರಿದರೋ, ಬಸ್ಸಿರಲಿಲ್ಲವೋ, ಬರುವ ಮನಸ್ಸಿರಲಿಲ್ಲವೋ ಗೊತ್ತಿಲ್ಲ. ಅವ್ವ ಮಾತ್ರ ಮೂರನೆಯದೇ ಎಂದು ತೀರ್ಮಾನಿಸಿದಳು. ಹೆಣವನ್ನು ದೂರ ನಿಂತು ನೋಡಬೇಕು ಎಂದಿದ್ದರೂ ಕೇಳದೆ ಮುಂದೆ ಹೋಗಿ ಅಳುತ್ತ ಅಂದಳು: "ಸುಮ್ಮನ ಇರಾಕ ಬರಲಿಲ್ಲಲ್ರೀ ನಿಮಗ. ಒಂದು ಬಿಲ್ಲಿ ತೋರಿಸಾಕ ಹೋಗಿ ಹೆಸರು ಕಳಕೊಂಡು ಹೋದ್ರಲ್ರೀ." ನಾನು ಪಕ್ಕದಲ್ಲೇ ನಿಂತಿದ್ದೆ. ಆಗಲೂ ಬಾಯಿ ಬಿಡಲಿಲ್ಲ.

ಈಗ ನಾನು ಹರಪನಹಳ್ಳಿಯಲ್ಲೇ ಒಂದು ಬಟ್ಟೆ ಅಂಗಡಿಯ ಕೌಂಟರಿನಲ್ಲಿ ಕೂರುತ್ತೇನೆ. ಹೆಚ್ಚಿನವರು ಮೊಬೈಲಿನಲ್ಲಿ ಕೊಡುತ್ತಾರೆ. ಚಿಲ್ಲರೆ ಕೊಡುವವರು ಹತ್ತರ ನಾಣ್ಯವನ್ನೂ ಕೊಡುತ್ತಾರೆ, ನಾನೂ ಕೊಡುತ್ತೇನೆ, ಗೆರೆ ಎಣಿಸುವವರು ಯಾರೂ ಇಲ್ಲ. ಯಾಕೆ ಬೇಡವೆಂದಿದ್ದೆವು ಎಂದು ಕೇಳಿದರೆ ಹೇಳಲು ಒಬ್ಬರಿಗೂ ಬರುವುದಿಲ್ಲ. ಅಂಥ ತಪ್ಪು ನಾಣ್ಯಗಳಿಗೆ ಸಾವಿರಾರು ರೂಪಾಯಿ ಕೊಟ್ಟು ಕೊಳ್ಳುವವರಿದ್ದಾರೆ ಎಂದು ಮೊಬೈಲಿನ ಒಂದು ವಿಡಿಯೋದಲ್ಲಿ ನೋಡಿದೆ. ಅದರಲ್ಲಿ ಕನ್ನಡಕದವನೊಬ್ಬ ಬಿಲ್ಲೆ ಹೇಗೆ ಸರಿಯುತ್ತದೆ, ಅಚ್ಚು ಹೇಗೆ ಸೀಳುತ್ತದೆ ಎಂದು ವಿವರಿಸುತ್ತಿದ್ದ. ಅಪ್ಪ ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಕೆಳಗೆ ಜನ ಆತನಿಗೆ ಕೈ ಮುಗಿದು ಹೊಗಳಿ ಬರೆದಿದ್ದರು.

ಹೊಳಲಿನಲ್ಲಿ ಈಗ ಪತ್ತಾರರಿಲ್ಲ. ನಮ್ಮ ಮುಂದಿನ ಕೋಣೆಯಲ್ಲಿ ಮೊಬೈಲ್ ರಿಪೇರಿಯವನಿದ್ದಾನೆ. ಹರಕೆಯ ಕಣ್ಣು ಬೇಕಾದವರು ಪಟ್ಟಣದಿಂದ ಪ್ಲಾಸ್ಟಿಕ್ ಪಾಕೀಟಿನಲ್ಲಿ ಬರುವುದನ್ನು ಕೊಳ್ಳುತ್ತಾರೆ. ಹಾಳೆಯಷ್ಟು ತೆಳ್ಳಗಿರುತ್ತವೆ, ಬೆಳ್ಳಿಯೂ ಅಲ್ಲ.

ಅವ್ವ ಖಾನಾವಳಿಗೆ ರೊಟ್ಟಿ ಬಡಿಯುತ್ತಾಳೆ. ಕೈ ನೋವು ಹೆಚ್ಚಾದ ದಿನ ಹಿಟ್ಟಿನ ಮುಂದೆ ಕೂತು ಅದೇ ಮಾತು ತೆಗೆಯುತ್ತಾಳೆ. "ನಿಮ್ಮಪ್ಪ ಬಾಯಿ ಕಟ್ಟಿಕೊಂಡು ಕುಂತಿದ್ರ ನಾವು ಹಿಂಗ ಯಾಕ ಇರ್ತಿದ್ವಿ?" ಎನ್ನುತ್ತಾಳೆ. ನಾನು ಹೂಂ ಎನ್ನುತ್ತೇನೆ. ಇಷ್ಟು ವರ್ಷ ಹೂಂ ಎಂದೇ ಬಂದಿದ್ದೇನೆ. ಅವ್ವನಿಗೆ ಓದಲು ಬರುವುದಿಲ್ಲ. ಅದು ಗೊತ್ತಿದ್ದೇ ಇದನ್ನು ಬರೆದಿದ್ದೇನೆ.